ಸಂಶಯವೂ ಪರೀಕ್ಷೆಯೂ: ಕೊಪಣನಾಡಿನ ಕೆಲವು ಸಾಕ್ಷ್ಯಗಳ ವಿಮರ್ಶೆ

ಭರತಖಂಡದ ಜನರು ಶ್ರದ್ಧಾಪ್ರಧಾನರು, ಸಂಶಯವೆಂಬುದು ಪಾಶ್ಚಾತ್ಯ ವಿದ್ಯೆಯೊಡನೆ ಹಡಗಿನಲ್ಲಿ ಬಂದಿಳಿದ ಸರಕು ಎಂಬ ಮಾತು ವಿದ್ಯಾವಂತರ ಬಾಯಲ್ಲಿ ಪದೇ ಪದೇ ಕೇಳಬರುವುದು. ಇದನ್ನು ಹೊಗಳಿಕೆಯಾಗಿ ಹೇಳುವವರೂ ಉಂಟು, ತೆಗಳಿಕೆಯಾಗಿ ಹೇಳುವವರೂ ಉಂಟು. ಮಾತು ಮಾತ್ರ ಒಂದೇ. ಇದು ನಿಜವಾದ ಪಕ್ಷದಲ್ಲಿ ಎರಡು ಫಲಗಳು ಒದಗುವುವು. ಕನ್ನಡದಲ್ಲಿ ‘ಪರೀಕ್ಷೆ’ ಎಂಬ ಹೆಸರನ್ನೇ ಹೊತ್ತ ಪ್ರಾಚೀನ ಗ್ರಂಥಗಳನ್ನು ಕೇವಲ ಮತದ್ವೇಷದ ಬರಹಗಳೆಂದು ಕಟ್ಟಿ ಅಟ್ಟದ ಮೇಲಿಡಬೇಕಾಗುವುದು; ಹೊಲದಲ್ಲಿ ದುಡಿಯುವ ಜನವನ್ನು ಕೇಳಿದುದೆಲ್ಲವನ್ನೂ ನಂಬುವ ಮುಗ್ಧರೆಂದು ಎಣಿಸಬೇಕಾಗುವುದು. ಈ ಎರಡು ತೀರ್ಪುಗಳೂ ವಿಚಾರವಿಲ್ಲದೆ ಕೊಟ್ಟವು. ಇವನ್ನು ಪರೀಕ್ಷಿಸುವುದಕ್ಕೆ ಕೊಪ್ಪಳ ಸೀಮೆಯಷ್ಟು ಅನುಕೂಲವಾದ ನೆಲ ಕರ್ಣಾಟಕದಲ್ಲಿ ಬೇರೆ ಸಿಕ್ಕುವುದು ಕಷ್ಟ.

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸಿರುವುದು ಪ್ರಸಿದ್ಧ. ಆ ಕೊಪಣವೇ ಇಂದಿನ ಕೊಪ್ಪಳ. ಬಹುಕಾಲ ಹೈದರಾಬಾದು ಸಂಸ್ಥಾನದಲ್ಲಿದ್ದು, ಅನಂತರ ರಾಯಚೂರು ಜಿಲ್ಲೆಯ ಭಾಗವಾಗಿದ್ದು, 1997ರಲ್ಲಿ ಅದು ತಾನೇ ಜಿಲ್ಲೆಯಾಯಿತು. ಊರನ್ನು ಸುತ್ತುವರಿದ ಬಂಡೆಗಳ ಮೇಲೆ ಅಶೋಕನ ಪ್ರಾಕೃತ ಧರ್ಮಲಿಪಿಯೂ, ಜೈನ ಮುನಿಗಳ ಸಮಾಧಿಮರಣವನ್ನು ಸಾರುವ ಹಳಗನ್ನಡ ಶಾಸನಗಳೂ ಇವೆ. ಅಲ್ಲಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಗಿಣಿಗೇರಾ ಗ್ರಾಮವಿರುವುದು. ರೈಲು ನಿಲ್ದಾಣವೂ ಕಬ್ಬಿಣ ಉಕ್ಕಿನ ಕಾರ್ಖಾನೆಗಳೂ ಉಳ್ಳ ಊರಾಗಿ ಇಂದು ಅದು ಹೆಸರಾಗಿದ್ದರೂ, ಸುತ್ತಲಿನ ಹೊಲಗಳಲ್ಲಿ ಒಕ್ಕಲುತನ ನಿಂತಿಲ್ಲ. ಒಂದು ಕಡೆ ಬಂಡೆಯ ಬರಹ, ಮತ್ತೊಂದು ಕಡೆ ಒಕ್ಕಲಿಗನ ಮಾತು: ಸಂಶಯದ ವಿಚಾರಕ್ಕೆ ಎರಡೂ ಬೇಕು.

ಮೊದಲು ಶಾಸ್ತ್ರವು ಸಂಶಯವೆಂದರೇನೆಂದು ಹೇಳಿದೆಯೋ ಅದನ್ನು ನೋಡಬೇಕು. ಗೌತಮನ ನ್ಯಾಯದರ್ಶನದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಅನಂತರ ಮೂರನೆಯದಾಗಿ ಸಂಶಯವು ಬಂದಿದೆ. ಇದು ಆಕಸ್ಮಿಕವಲ್ಲ. ತೀರ ತಿಳಿಯದ ವಿಷಯದಲ್ಲಿ ನ್ಯಾಯವು ಪ್ರವರ್ತಿಸದು, ಪೂರ್ತಿ ನಿಶ್ಚಯವಾದ ವಿಷಯದಲ್ಲಿಯೂ ಪ್ರವರ್ತಿಸದು, ಸಂದಿಗ್ಧವಾದುದರಲ್ಲಿಯೇ ಪ್ರವರ್ತಿಸುವುದು ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ಆರಂಭದಲ್ಲಿಯೇ ಸ್ಪಷ್ಟಪಡಿಸಿರುವನು. ಪೂರ್ವಮೀಮಾಂಸೆಯೂ ಹೀಗೆಯೇ. ಅಲ್ಲಿ ಒಂದೊಂದು ಅಧಿಕರಣಕ್ಕೂ ವಿಷಯವಾದ ಮೇಲೆ ವಿಶಯ, ಅಂದರೆ ಸಂಶಯ, ಅಂಗವಾಗಿಯೇ ಇರಬೇಕು. ವೇದವಾಕ್ಯದ ವಿಚಾರವೇ ಆದರೂ ಸಂಶಯವಿಲ್ಲದೆ ವಿಚಾರ ಹುಟ್ಟದು. ಸಂಶಯಾತ್ಮನು ಕೆಡುವನೆಂದು ಗೀತೆ ಹೇಳಿದೆಯಲ್ಲಾ ಎಂದು ಕೇಳುವವರು ಆ ಮಾತು ಎಲ್ಲಿ ಬಂದಿದೆಯೆಂಬುದನ್ನು ಗಮನಿಸಬೇಕು. ಹದಿನೆಂಟು ಅಧ್ಯಾಯಗಳ ಆ ಸಂವಾದವು ನಡೆದುದೇ ಅರ್ಜುನನ ಸಂಶಯದಿಂದ. ಅಲ್ಲಿ ನಿಂದಿತವಾದುದು ಸಂಶಯದಲ್ಲಿಯೇ ಮನೆ ಮಾಡಿಕೊಂಡಿರುವ ಸ್ವಭಾವವೇ ಹೊರತು ನಿರ್ಣಯವನ್ನು ಅರಸುವ ಸಂಶಯವಲ್ಲ.

ಸಂಶಯವು ಐದು ಕಾರಣಗಳಿಂದ ಹುಟ್ಟುವುದೆಂದು ಭಾಷ್ಯವು ವಿವರಿಸುವುದು. ವಾರ್ತಿಕಕಾರನಾದ ಉದ್ದ್ಯೋತಕರನು ಇವನ್ನು ಮೂರಕ್ಕೆ ಇಳಿಸಿದನು. ಮುಸ್ಸಂಜೆಯಲ್ಲಿ ದೂರದಿಂದ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಉದಾಹರಣೆಯನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಆದರೆ ಅನುಪಲಬ್ಧಿಯ ಅವ್ಯವಸ್ಥೆಗೆ ವಾತ್ಸ್ಯಾಯನನು ಕೊಟ್ಟ ದೃಷ್ಟಾಂತದ ಕಡೆಗೆ ಅಷ್ಟು ಗಮನ ಹೋಗಿಲ್ಲ. ಇರುವ ವಸ್ತುವೂ ಕಾಣದೆ ಇರಬಹುದು, ಇಲ್ಲದ ವಸ್ತುವೂ ಕಾಣದು. ಕಾಣಲಿಲ್ಲವೆಂಬುದರಿಂದ ಯಾವುದನ್ನು ನಿಶ್ಚಯಿಸಬೇಕು? ಇರುವುದಾದರೂ ಕಾಣದ ವಸ್ತುಗಳಿಗೆ ಅವನು ಬೇರು, ಹೂತ ಗೂಟ ಇವುಗಳೊಡನೆ ನೀರನ್ನು ಹೇಳಿರುವನು. ಭಾಷ್ಯಕಾರನು ಎಲ್ಲಿಯೋ ಕುಳಿತು ಬರೆದ ಈ ಒಂದು ಪದವು ಗಿಣಿಗೇರಾದ ಒಕ್ಕಲಿಗನ ನಿತ್ಯದ ಚಿಂತೆಯಾಗಿರುವುದು.

ಈ ಸೀಮೆಯ ನೆಲದಡಿ ಕಗ್ಗಲ್ಲು. ನೀರು ಕಲ್ಲಿನ ಬಿರುಕುಗಳಲ್ಲಿ ಮಾತ್ರ ನಿಲ್ಲುವುದರಿಂದ ಒಂದು ಕಡೆ ತೋಡಿದ ಕೊಳವೆ ಬಾವಿಯಲ್ಲಿ ನೀರು ಚಿಮ್ಮಿದರೆ ಹತ್ತಾರು ಮಾರು ದೂರದಲ್ಲಿ ಬರಿಯ ಕಲ್ಲುಹುಡಿ ಬರುವುದುಂಟು. ಹೀಗಿರಲು ತೋಡಿಸುವ ಮುನ್ನ ನೀರಿನ ಸೆಲೆ ನೋಡುವವನನ್ನು ಕರೆತಂದು ಪಾಯಿಂಟು ಮಾಡಿಸುವುದು ವಾಡಿಕೆ. ಅಂಗೈ ಮೇಲೆ ಅಡ್ಡಲಾಗಿಟ್ಟ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತರೆ, ಅಥವಾ ಕೈಯಲ್ಲಿ ಹಿಡಿದ ಕವಲುಗೋಲು ಕೆಳಗೆ ಬಾಗಿದರೆ, ಅಲ್ಲಿ ನೀರುಂಟೆಂದು ಹೇಳುತ್ತಾರೆ. ಇದನ್ನು ನಂಬುವವನು ವಿಚಾರಹೀನನೆಂದು ಪಟ್ಟಣದವರು ನಗುವರು. ಆದರೆ ಹಣ ಕಳೆದುಕೊಂಡು ಬುದ್ಧಿ ಕಲಿತ ಒಕ್ಕಲಿಗನು ಏನು ಮಾಡುವನೆಂದು ನೋಡಬೇಕು. ಮೊದಲಿನವನು ಗುರುತಿಸಿದ ಜಾಗದಲ್ಲಿ ಯಾರಿಗೂ ಕಾಣದಂತೆ ಒಂದು ಕಲ್ಲಿಟ್ಟು, ಮರುದಿನ ಮತ್ತೊಬ್ಬನನ್ನು ಕರೆಯಿಸಿ, ಮೊದಲಿನವನ ಸುದ್ದಿಯನ್ನೇ ಎತ್ತದೆ, ಹೊಲವನ್ನೆಲ್ಲ ಅಡ್ಡಾಡಿಸುವುದುಂಟು. ಇಬ್ಬರೂ ಒಂದೇ ಕಲ್ಲಿನ ಬಳಿ ನಿಂತರೆ ತೋಡಿಸುವನು. ಬೇರೆ ಬೇರೆ ನಿಂತರೆ ಮೂರನೆಯವನನ್ನು ಅರಸುವನು, ಇಲ್ಲವೆ ಭೂಗರ್ಭ ಬಲ್ಲ ಅಧಿಕಾರಿಯನ್ನು ಕೇಳುವನು. ಶಾಸ್ತ್ರದ ಪರಿಭಾಷೆಯಲ್ಲಿ ಇದು ವಿಪ್ರತಿಪತ್ತಿಯಿಂದ ಹುಟ್ಟಿದ ಸಂಶಯ, ಸಂವಾದದಿಂದ ಪ್ರಾಮಾಣ್ಯನಿಶ್ಚಯ. ಅವನು ನ್ಯಾಯಸೂತ್ರವನ್ನು ಓದಿಲ್ಲ. ಓದಿದ ಎಷ್ಟೋ ಜನರು ಇಷ್ಟು ಎಚ್ಚರಿಕೆಯಿಂದ ಪರೀಕ್ಷಿಸುವುದೂ ಇಲ್ಲ. ಪರೀಕ್ಷೆಯಲ್ಲಿ ಒಂದು ಕೊರತೆ ಮಾತ್ರ ಉಳಿಯುವುದು. ಎರಡನೆಯವನೂ ಮೊದಲಿನವನಂತೆ ಹಸುರು ಗಿಡ, ಹುತ್ತ, ತಗ್ಗು ಇವನ್ನು ಕಂಡೇ ನಿಂತಿರಬಹುದು; ಆಗ ಇಬ್ಬರ ಐಕಮತ್ಯವು ತೆಂಗಿನಕಾಯಿಯ ಶಕ್ತಿಗೆ ಸಾಕ್ಷಿಯಾಗದು, ಇಬ್ಬರ ಕಣ್ಣಿಗೆ ಸಾಕ್ಷಿಯಾಗುವುದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಕಿವಿಗೆ ಪರಿಚಿತವಾದುದರಿಂದ ಅದರಲ್ಲಿರುವ ಅರ್ಥದ ದಿಟ್ಟತನವು ಗಮನಕ್ಕೆ ಬರುವುದಿಲ್ಲ. ದರ್ಶನಕಾರರಿಗೆ ಪ್ರತ್ಯಕ್ಷವು ಪ್ರಮಾಣಗಳಲ್ಲಿ ಹಿರಿಯದು. ಚಾರ್ವಾಕನಿಗಂತೂ ಅದೊಂದೇ ಪ್ರಮಾಣ. ಗಾದೆಯು ಆ ಹಿರಿಯನನ್ನೂ ಕಟಕಟೆಯಲ್ಲಿ ನಿಲ್ಲಿಸುವುದು. ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೋ ಪರತಃ ತಿಳಿಯತಕ್ಕದೋ ಎಂಬ ಮೀಮಾಂಸಕ ನೈಯಾಯಿಕರ ದೀರ್ಘವಾದದಲ್ಲಿ ಗಾದೆ ಕಟ್ಟಿದವನು ನೈಯಾಯಿಕನ ಪಕ್ಷವನ್ನು ಹಿಡಿದಿರುವನು: ಕಂಡದ್ದು ಸರಿಯೆಂಬುದು ಕಾಣುವಿಕೆಯಿಂದಲೇ ತಿಳಿಯದು, ಅದರಿಂದ ನಡೆದ ಪ್ರವೃತ್ತಿ ಸಫಲವಾದರೆ ತಿಳಿಯುವುದು. ಆದರೆ ಗಾದೆ ಹೇಳಿದವನೇ ಬೆಳಗಾಗೆದ್ದು ಎತ್ತಿಗೆ ನೀರು ಕುಡಿಸುವಾಗ ನೀರು ನೀರೆಂದು ಪ್ರಮಾಣಿಸಲು ಕೂರುವುದಿಲ್ಲ. ಅಲ್ಲಿ ಅವನು ಭಾಟ್ಟಮೀಮಾಂಸಕ. ಬಾಧಕ ಕಾಣದಿರುವ ತನಕ ಜ್ಞಾನವು ಪ್ರಮಾಣವೇ, ಕಾರಣವಿಲ್ಲದೆ ಶಂಕಿಸುವವನಿಗೆ ಯಾವ ವ್ಯವಹಾರವೂ ನಡೆಯದು ಎಂಬ ಮತದವನು. ದಿನವೆಲ್ಲ ಮೀಮಾಂಸಕನಾಗಿದ್ದು ನಷ್ಟದ ಅಂಜಿಕೆ ಬಂದ ಗಳಿಗೆಯಲ್ಲಿ ನೈಯಾಯಿಕನಾಗುವುದು ಲೋಕಸ್ವಭಾವ. ಎರಡು ದರ್ಶನಗಳ ವಿದ್ವಾಂಸರು ಸಾವಿರ ವರ್ಷ ಕಾದಾಡಿದ ಗಡಿಯನ್ನು ಲೋಕವು ದಿನಕ್ಕೆ ಹತ್ತು ಸಲ ದಾಟುತ್ತಿರುವುದು.

ಲೋಕದ ಸಂಶಯಕ್ಕೆ ಗಾದೆಗಿಂತಲೂ ಸೂಕ್ಷ್ಮವಾದ ಸಾಕ್ಷ್ಯವು ಭಾಷೆಯ ರಚನೆಯಲ್ಲಿಯೇ ಇದೆ. ವೈಯಾಕರಣರು ಇದನ್ನು ರೂಪವೆಂದು ಬರೆದಿಟ್ಟರೇ ಹೊರತು ಇದರ ವಿಚಾರಮೌಲ್ಯವನ್ನು ಎತ್ತಿ ತೋರಿದ್ದು ಕಡಮೆ. ಮಳೆ ಬಂತು, ಮಳೆ ಬರುತ್ತದೆ ಎಂಬುವುಗಳ ಜತೆಗೆ ಮಳೆ ಬಂದೀತು ಎಂಬ ರೂಪವು ಕನ್ನಡದಲ್ಲಿ ಉಂಟು. ಇದನ್ನು ಸಂಭಾವನಾರ್ಥಕವೆನ್ನುವರು. ಬರುವುದೆಂಬ ನಿಶ್ಚಯವೂ ಇಲ್ಲ, ಬರದೆಂಬ ನಿಶ್ಚಯವೂ ಇಲ್ಲ; ಎರಡು ಕೋಟಿಗಳಲ್ಲಿ ಒಂದು ಕೋಟಿಯ ಕಡೆಗೆ ತಕ್ಕಡಿ ತುಸು ವಾಲಿದೆ. ತಾರ್ಕಿಕರು ಉತ್ಕಟಕೋಟಿಕ ಸಂಶಯವೆಂದು ಉದ್ದ ಹೆಸರಿಟ್ಟು ಹೇಳುವುದನ್ನು ಕನ್ನಡದ ಕ್ರಿಯಾಪದವು ಒಂದು ಪ್ರತ್ಯಯದಿಂದ ಹೇಳಿ ಮುಗಿಸುವುದು. ಇನ್ನೊಂದು ಅಂತೆ ಎಂಬುದು. ಈ ಸೀಮೆಯ ಬಾಯಲ್ಲಿ ಅದು ಅಂತ ಎಂದು ಕೇಳುವುದು. ದೇವರು ಮೈಯಾಗ ಬಂದಿತ್ತಂತ, ಹೊಲದಾಗ ದೀಪ ಕಂಡಿತ್ತಂತ ಎಂದು ಹೇಳುವವನು ಸುದ್ದಿಯನ್ನು ಮುಟ್ಟಿಸುವನು, ಸುದ್ದಿಯ ಹೊಣೆಯನ್ನು ಹೊರನು. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕೆಂಬುದು ಶಾಸ್ತ್ರ. ‘ಅಂತ’ ಹಚ್ಚಿದವನು ತಾನು ಆಪ್ತನಲ್ಲವೆಂದು ತಾನೇ ಹೇಳಿಕೊಂಡು, ಕೇಳಿದವನಿಗೆ ನಂಬುವ ಬಿಡುವ ಸ್ವಾತಂತ್ರ್ಯವನ್ನು ಉಳಿಸುವನು. ಅದೇ ಸುದ್ದಿಯು ಅಚ್ಚಿನ ಕಾಗದಕ್ಕೋ ಕೈಯಲ್ಲಿ ಹಿಡಿದ ದೂರವಾಣಿಯ ಪರದೆಗೋ ಏರಿದಾಗ ಈ ‘ಅಂತ’ವು ಮೊದಲು ಉದುರಿಹೋಗುವುದು. ಅನಕ್ಷರಸ್ಥನ ಮಾತಿನಲ್ಲಿ ಇದ್ದ ಎಚ್ಚರವು ಅಕ್ಷರಸ್ಥನ ಬರಹದಲ್ಲಿ ಇಲ್ಲವಾಗುವುದು ವಿಚಾರಣೀಯ.

ಇದಕ್ಕೆ ಪ್ರತಿಯಾಗಿ ಸಂಶಯವು ಎಲ್ಲಿ ತಡೆದು ನಿಲ್ಲುವುದೆಂಬುದಕ್ಕೂ ಸಮೀಪದಲ್ಲಿಯೇ ಉದಾಹರಣೆಯಿದೆ. ಹೂವಿನಹಡಗಲಿಯ ಕಡೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಒಂದು ಚಿಕ್ಕ ವಾಕ್ಯವನ್ನು ಕೂಗುವನು, ಅದೇ ಕಾರಣಿಕ. ಮಳೆ ಬೆಳೆಗಳ, ಈಚೆಗೆ ರಾಜಕಾರಣದ, ಭವಿಷ್ಯವನ್ನೂ ಜನರು ಅದರಲ್ಲಿ ಅರಸುವರು. ವರ್ಷ ಕಳೆದು ಅರ್ಥ ತಪ್ಪಿತೆಂದು ಕಂಡರೆ ವಾಕ್ಯವನ್ನು ಯಾರೂ ಶಂಕಿಸುವುದಿಲ್ಲ, ಅರ್ಥ ಹೇಳಿದವನನ್ನು ಶಂಕಿಸುವರು. ವಾಕ್ಯದ ಗೂಢತೆಯೇ ವಾಕ್ಯಕ್ಕೆ ಕವಚ. ಇದು ಹಳ್ಳಿಗರ ದೌರ್ಬಲ್ಯವೆಂದು ಹೇಳುವಂತಿಲ್ಲ. ಶ್ರುತಿಗೆ ದೋಷವಿಲ್ಲ, ದೋಷವಿದ್ದರೆ ವ್ಯಾಖ್ಯಾನದಲ್ಲಿ ಎಂಬುದು ಪಂಡಿತರ ಪದ್ಧತಿಯೂ ಹೌದು. ವ್ಯತ್ಯಾಸವಿಷ್ಟೇ: ಪಂಡಿತನ ವ್ಯಾಖ್ಯಾನಕ್ಕೆ ವ್ಯಾಕರಣದ ಕಟ್ಟುಪಾಡಿದೆ, ಯಾವ ಅರ್ಥ ಹೊರಡದೆಂದು ಒಬ್ಬರು ಮತ್ತೊಬ್ಬರಿಗೆ ತೋರಿಸಬಲ್ಲರು.

ಅಂಥ ಕಟ್ಟುಪಾಡು ಹೇಗೆ ಕೆಲಸ ಮಾಡುವುದೆಂಬುದಕ್ಕೆ ಕೊಪ್ಪಳದ ಬಂಡೆಯ ಬರಹವೇ ನಿದರ್ಶನ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಬಂಡೆ ಶಾಸನದ ಎರಡು ಪ್ರತಿಗಳು 1931ರಲ್ಲಿ ಬೆಳಕಿಗೆ ಬಂದುವು; ಮರುವರ್ಷವೇ ಟರ್ನರ್ ಎಂಬ ವಿದ್ವಾಂಸನು ಅವನ್ನು ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯಲ್ಲಿ ಪ್ರಕಟಿಸಿದನು. ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಉಪಾಸಕನಾಗಿದ್ದರೂ ಮೊದಲು ಹೆಚ್ಚು ಪರಾಕ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಪರಾಕ್ರಮಿಸಿದನೆಂದೂ, ಅದರ ಫಲವಾಗಿ ಜಂಬೂದ್ವೀಪದಲ್ಲಿ ‘ಅಮಿಸ’ರಾಗಿದ್ದ ದೇವತೆಗಳು ಈಗ ‘ಮಿಸ’ರಾದರೆಂದೂ ಅರಸನು ಅದರಲ್ಲಿ ಹೇಳಿಕೊಂಡಿರುವನು. ಈ ಶಾಸನದ ಉತ್ತರದ ಪ್ರತಿಗಳನ್ನು ಮೊದಲು ಓದಿದ ಸೆನಾರ್, ಬ್ಯೂಲರ್ ಮೊದಲಾದವರು ಅಮಿಸ ಎಂಬುದನ್ನು ಸಂಸ್ಕೃತದ ಅಮೃಷಾ ಎಂದು ಹಿಡಿದರು. ಆಗ ಅರ್ಥವು, ಸತ್ಯವೆಂದು ನಂಬಿದ್ದ ದೇವತೆಗಳನ್ನು ಅರಸನು ಸುಳ್ಳು ಮಾಡಿದನು ಎಂದಾಗುವುದು! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚಕ್ರವರ್ತಿಯೊಬ್ಬನು ನಾಡಿನ ದೇವತೆಗಳೆಲ್ಲ ಮಿಥ್ಯೆಯೆಂದು ಬಂಡೆಯ ಮೇಲೆ ಸಾರಿದನೆಂದರೆ ಸಂಶಯದ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಬೇಕಾಗುತ್ತಿರಲಿಲ್ಲ.

ಆದರೆ ಈ ಅರ್ಥ ನಿಲ್ಲಲಿಲ್ಲ. ಅಶೋಕನದೇ ಬೈರಾಟದ ಶಾಸನದಲ್ಲಿ ಸುಳ್ಳು ಎಂಬರ್ಥದ ಮೃಷಾ ಶಬ್ದವು ‘ಮುಸಾ’ ಎಂದಾಗಿರುವುದೇ ಹೊರತು ಮಿಸಾ ಎಂದಲ್ಲ. ರೈಸ್ ಎಂಬವರು 1892ರಲ್ಲಿ ಶೋಧಿಸಿದ ಬ್ರಹ್ಮಗಿರಿಯ ಪ್ರತಿಯಲ್ಲಿ ಮನುಷ್ಯರು ದೇವತೆಗಳಿಂದ, ಅಂದರೆ ದೇವತೆಗಳೊಡನೆ, ಎಂದು ತೃತೀಯಾ ವಿಭಕ್ತಿ ಕಾಣುವುದು. ಸುಳ್ಳೆಂಬ ಅರ್ಥವನ್ನು ಹಿಡಿದವರು ಅದನ್ನು ಎಳೆದು ಸರಿಪಡಿಸಬೇಕಾಯಿತು. 1915ರಲ್ಲಿ ಮಸ್ಕಿಯ ಪ್ರತಿ ದೊರೆತು ಅದರಲ್ಲಿ ‘ಮಿಸಿಭೂತ’ ಎಂಬ ರೂಪವು ಕಂಡುಬಂದ ಮೇಲೆ ಮೂಲಶಬ್ದವು ಮಿಶ್ರವೇ ಎಂಬುದು ಗಟ್ಟಿಯಾಯಿತು: ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತರು. ಅನಂತರ ಕೊಪ್ಪಳದ ಪ್ರತಿಗಳನ್ನು ಓದಿದವರು ಈ ನಿರ್ಣಯದಿಂದ ಕದಲಲಿಲ್ಲ. ಹೀಗೆ ದೇವತೆಗಳನ್ನು ಅಲ್ಲಗಳೆದನೆಂದು ತೋರಿದ ಅರಸನು ಅವರನ್ನು ಜನರ ನಡುವೆ ಕರೆತಂದವನಾದನು. ಸಂಶಯದ ಪಕ್ಷಪಾತಿಗಳಿಗೆ ಇದರಿಂದ ಒಬ್ಬ ಚಕ್ರವರ್ತಿ ನಷ್ಟವಾದುದು ದಿಟ. ಆದರೆ ಮನಸ್ಸಿಗೆ ಒಪ್ಪುವ ಅರ್ಥವನ್ನು ಒಂದು ಉಕಾರದ ಕಾರಣದಿಂದ ಕೈಬಿಟ್ಟರೆಂಬುದೇ ಪರೀಕ್ಷೆಯ ಲಕ್ಷಣ. ಕಾರಣಿಕದ ಅರ್ಥಗಾರನಿಗೆ ಈ ಉಕಾರವಿಲ್ಲ.

ಪಾಲ್ಕಿಗುಂಡಿನ ಬೆಟ್ಟದ ಮೇಲೆಯೇ ಮತ್ತೊಂದು ಕುರುಹು ಇದೆ. ಬಂಡೆಯಲ್ಲಿ ಕೊರೆದ ಎರಡು ಪಾದಗಳು. ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯನು ಮಾಡಿಸಿದನೆಂದು ಅಲ್ಲಿ ಹಳಗನ್ನಡದ ಕಿರುಬರಹ. ಇವನನ್ನು ವರಾಂಗಚರಿತವೆಂಬ ಮೂವತ್ತೊಂದು ಸರ್ಗಗಳ ಸಂಸ್ಕೃತ ಕಾವ್ಯದ ಕರ್ತೃವೆಂದು ಗುರುತಿಸಿ ಆ ಕಾವ್ಯವನ್ನು 1938ರಲ್ಲಿ ಸಂಪಾದಿಸಿದವರು ಆ. ನೇ. ಉಪಾಧ್ಯೆಯವರು. ಹಸ್ತಪ್ರತಿಯಲ್ಲಿ ಕವಿಯ ಹೆಸರಿರಲಿಲ್ಲ. ಇತರ ಗ್ರಂಥಗಳ ಉಲ್ಲೇಖಗಳನ್ನು ಒಂದಕ್ಕೊಂದು ಹೊಸೆದು ಅವರು ಹೆಸರನ್ನು ಕಂಡುಹಿಡಿದರು. ಕಾವ್ಯದ ಕಥೆ ಸಾಧಾರಣ. ದುಷ್ಟಕುದುರೆಯು ಕಾಡಿಗೆಳೆದೊಯ್ದ ರಾಜಕುಮಾರನು ವರ್ತಕರ ಆಶ್ರಯದಲ್ಲಿ ಹೆಸರು ಮರೆಸಿಕೊಂಡಿದ್ದು, ಮತ್ತೆ ರಾಜ್ಯ ಪಡೆದು, ಕೊನೆಗೆ ವಿರಕ್ತನಾಗುವನು. ಕಾವ್ಯವೆಂದು ನೋಡಿದರೆ ಧರ್ಮೋಪದೇಶದ ಭಾರದಿಂದ ಅದು ಪದೇ ಪದೇ ಕುಸಿಯುವುದು. ಆದರೆ ಕೊನೆಯ ಭಾಗದ ಸರ್ಗಗಳಲ್ಲಿ ಅರಸನು ಸಭೆಯಲ್ಲಿ ಪರಮತಗಳನ್ನು ವಿಚಾರಕ್ಕೆ ತೆಗೆದುಕೊಂಡಾಗ ಶೈಲಿಗೆ ಒಮ್ಮೆಲೆ ಜೀವ ಬರುವುದು. ಜಗತ್ತಿಗೆ ಕಾರಣವು ಕಾಲವೋ ದೈವವೋ ಸ್ವಭಾವವೋ ಎಂಬ ವಾದಗಳಿಗಿಂತಲೂ ಜಾತಿಯ ವಿಷಯದ ವಾದವು ತೀಕ್ಷ್ಣ. ವರ್ಣವೆಂಬ ಮಾತಿನ ಬಣ್ಣವೆಂಬ ಅರ್ಥವನ್ನೇ ಹಿಡಿದು, ನಾಲ್ಕು ವರ್ಣದವರ ಮೈಬಣ್ಣದಲ್ಲಿ ಅಂಥ ಭೇದ ಯಾರಿಗೆ ಕಂಡಿದೆ ಎಂದು ಕವಿ ಕೇಳುವನು. ಇಲ್ಲಿ ಪ್ರಮಾಣವಾಗಿ ನಿಂತದ್ದು ಆಗಮವಲ್ಲ, ಬೀದಿಯಲ್ಲಿ ನಡೆದಾಡುವ ಯಾರಿಗೂ ತೆರೆದಿರುವ ಕಣ್ಣು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಜೈನನಾಗಬೇಕಾಗಿಲ್ಲ, ಕುರುಡನಲ್ಲದಿದ್ದರೆ ಸಾಕು. ಪರಮತಖಂಡನದ ನಡುವೆ ಬಂದಿದ್ದರೂ ಈ ವಾದವು ಮತದ ಎಲ್ಲೆಯನ್ನು ಮೀರಿರುವುದಕ್ಕೆ ಇದೇ ಕಾರಣ.

ಕನ್ನಡದಲ್ಲಿ ಪರೀಕ್ಷೆಯ ಹೆಸರನ್ನು ಹೊತ್ತ ಗ್ರಂಥಗಳು ಎರಡು ಪ್ರಸಿದ್ಧವಾಗಿವೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆ ಒಂದು. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ಧರ್ಮಪರೀಕ್ಷೆ ಮತ್ತೊಂದು. ಬ್ರಹ್ಮಶಿವನು ಹಲವು ಸಮಯಗಳನ್ನು ಬಲ್ಲವನು, ಜನರ ಪೂಜೆ ಹರಕೆಗಳನ್ನು ಹತ್ತಿರದಿಂದ ನೋಡಿದವನು. ಅವನ ಕಾಲದ ಜನಜೀವನವನ್ನು ಅರಿಯುವವರಿಗೆ ಅವನ ಗ್ರಂಥವು ಭಂಡಾರವೇ ಸರಿ. ಆದರೆ ಪರೀಕ್ಷೆಯ ದೃಷ್ಟಿಯಿಂದ ಅವನಿಗೆ ಹೆಚ್ಚು ಅಂಕ ಕೊಡುವಂತಿಲ್ಲ. ತೀರ್ಪು ಮೊದಲು ಬರೆದು ವಿಚಾರಣೆ ಅನಂತರ ನಡೆಸಿದಂತಿದೆ. ನ್ಯಾಯಶಾಸ್ತ್ರವು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿ, ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆದುದನ್ನು ಮಾತ್ರ ವಾದವೆನ್ನುವುದು. ಗೆಲ್ಲಬೇಕೆಂಬ ಇಚ್ಛೆಯದು ಜಲ್ಪ. ಸಮಯಪರೀಕ್ಷೆಯ ಬಹುಭಾಗ ಜಲ್ಪ. ಇದಿರಾಳಿಗೆ ಬಾಯಿ ತೆರೆಯುವ ಅವಕಾಶವೇ ಅಲ್ಲಿ ದೊರೆಯದು.

ವೃತ್ತವಿಲಾಸನಿಗೆ ಆಧಾರವಾದುದು 1014ರ ಸುಮಾರಿನಲ್ಲಿ ಅಮಿತಗತಿಯು ಸಂಸ್ಕೃತದಲ್ಲಿ ರಚಿಸಿದ ಧರ್ಮಪರೀಕ್ಷೆ. ಅದಕ್ಕೂ ಮುಂಚೆ ಹರಿಷೇಣನು ಅಪಭ್ರಂಶದಲ್ಲಿ ಇದೇ ಕಥೆಯನ್ನು ಬರೆದಿದ್ದನು. ಮನೋವೇಗನೆಂಬ ವಿದ್ಯಾಧರನು ತನ್ನ ಗೆಳೆಯನಾದ ಪವನವೇಗನನ್ನು ಸನ್ಮಾರ್ಗಕ್ಕೆ ತರಬೇಕೆಂದು ಪಾಟಲಿಪುತ್ರಕ್ಕೆ ಕರೆದೊಯ್ಯುವನು. ಇಬ್ಬರೂ ಹುಲ್ಲು ಸೌದೆ ಮಾರುವವರ ವೇಷದಲ್ಲಿ ವಾದಶಾಲೆಯನ್ನು ಹೊಕ್ಕು, ಭೇರಿಯನ್ನು ಬಾರಿಸಿ, ಚಿನ್ನದ ಪೀಠದ ಮೇಲೆ ಕುಳಿತುಬಿಡುವರು. ವಿದ್ವಾಂಸರು ಬಂದು ಕೇಳಿದಾಗ ಮನೋವೇಗನು ನಂಬಲಾಗದ ಕಥೆಯೊಂದನ್ನು ತನ್ನ ಅನುಭವವೆಂದು ಹೇಳುವನು: ಅಟ್ಟಿ ಬಂದ ಆನೆಗೆ ಹೆದರಿ ಕಮಂಡಲುವಿನೊಳಗೆ ಹೊಕ್ಕನಂತೆ, ಆನೆಯೂ ಒಳಗೆ ಬಂದು ಹೊರಡುವಾಗ ಬಾಲದ ಕೂದಲು ಮಾತ್ರ ಸಿಕ್ಕಿಬಿದ್ದಿತಂತೆ. ಸಭೆ ನಗುವುದು. ಆಗ ಅವನು, ನಿಮ್ಮ ಪುರಾಣದ ಇಂಥ ಕಥೆಯನ್ನು ನಂಬುವಿರಾದರೆ ಇದನ್ನೇಕೆ ನಂಬಬಾರದು ಎಂದು ಕೇಳುವನು.

ಈ ಉಪಾಯದ ಬೆಲೆಯನ್ನು ವಿಮರ್ಶಕರು ಸಾಕಷ್ಟು ಅರಿತಿಲ್ಲ. ಹಾಸ್ಯವೆಂದು ಮೆಚ್ಚಿರುವರು, ಪರನಿಂದೆಯೆಂದು ಹಳಿದಿರುವರು. ವಾಸ್ತವವಾಗಿ ಇಲ್ಲಿ ತೀರ್ಪುಗಾರರು ಇದಿರಾಳಿಗಳೇ. ಆನೆ ಕಮಂಡಲುವಿನಲ್ಲಿ ಹಿಡಿಸದೆಂಬ ನಿಯಮವನ್ನು ಅವರೇ ಹೇಳಿದರು. ಮನೋವೇಗನು ಮಾಡಿದುದು ಅವರ ನಿಯಮವನ್ನು ಅವರ ಗ್ರಂಥಕ್ಕೆ ಹಿಡಿದದ್ದು ಮಾತ್ರ. ಜನರು ನಿತ್ಯದಲ್ಲಿ ಸಂಶಯಪಡುವ ರೀತಿಯೂ ಇದೇ. ಹೊಲದ ಬದುವಿನ ಮೇಲೆ ಕುಳಿತವನು ವ್ಯಾಪ್ತಿವಾಕ್ಯವನ್ನು ರಚಿಸನು. ಹಂಗಾದರ ಇದೂ ಖರೆನೇನ್ರಿ ಎಂದು ಮತ್ತೊಂದು ಕಥೆಯನ್ನು ಪಕ್ಕಕ್ಕಿಡುವನು. ಅಮಿತಗತಿಯು ಇದರ ಜತೆಗೆ ವಿಚಾರಕ್ಕೆ ಅನರ್ಹರಾದ ಹತ್ತು ಬಗೆಯ ಮೂಢರನ್ನು ಕಥೆಗಳ ಮೂಲ್ಕ ಚಿತ್ರಿಸಿರುವನು. ಮೋಹಗೊಂಡವನು, ದ್ವೇಷಿ, ಹಿಡಿದುದನ್ನು ಬಿಡದವನು, ಪಿತ್ತದಿಂದ ಸಿಹಿಯನ್ನು ಕಹಿಯೆನ್ನುವವನು ಇವರೆಲ್ಲ ಎಲ್ಲೆಡೆ ಇರುವರು. ಕ್ಷೀರಮೂಢನೆಂಬವನ ಕಥೆ ಎಲ್ಲಕ್ಕಿಂತ ಸೊಗಸು. ಹಾಲಿನ ಸವಿಯುಂಡು ಹಸುವನ್ನು ಕೇಳಿ ಪಡೆದವನು ಅದನ್ನು ಕರೆಯುವುದನ್ನರಿಯದೆ, ಆ ದಿವ್ಯಾಹಾರವನ್ನು ಕೊಡೆಂದು ಹಸುವಿನ ಮುಂದೆ ಬೇಡುತ್ತ ನಿಲ್ಲುವನು. ಕೊಡಲಿಲ್ಲವೆಂದು ಹಸುವನ್ನು ಅಟ್ಟಿಬಿಡುವನು. ಪ್ರಶ್ನೆ ಕೇಳುವ ಬಗೆಯನ್ನರಿಯದೆ ಉತ್ತರವಿಲ್ಲವೆಂದು ತೀರ್ಮಾನಿಸುವ ಸಂಶಯವಾದಿಗೂ ಈ ಕಥೆ ಸಲ್ಲುವುದು.

ಧರ್ಮಪರೀಕ್ಷೆಯ ನಿಜವಾದ ದೋಷ ಬೇರೆಡೆಯಲ್ಲಿದೆ. ಪುರಾಣದ ಅಸಂಭವಗಳನ್ನು ನಗುವ ಮನೋವೇಗನು ತಾನೇ ವಿಮಾನದಲ್ಲಿ ಹಾರಿ ಬಂದ ವಿದ್ಯಾಧರ. ಆನೆ ಕಮಂಡಲುವಿನಲ್ಲಿ ಹಿಡಿಸದೆಂಬ ಸಭೆಯು, ಮನುಷ್ಯನು ಮನೋವೇಗದಿಂದ ಆಕಾಶದಲ್ಲಿ ಹಾರುವನೋ ಎಂದು ಒಮ್ಮೆಯೂ ಕೇಳುವುದಿಲ್ಲ; ಕೇಳಲು ಕವಿ ಬಿಡುವುದಿಲ್ಲ. ಕೈಯಲ್ಲಿರುವ ಅಳತೆಗೋಲು ಸರಿಯಾದುದೇ. ಆದರೆ ಅದರಿಂದ ಸ್ವಂತ ಮನೆಯ ಗೋಡೆಯನ್ನು ಅಳೆಯಲಿಲ್ಲ. ಸ್ಯಾದ್ವಾದವೆಂಬ ಅದ್ಭುತ ಸಾಧನವನ್ನು ಲೋಕಕ್ಕೆ ಕೊಟ್ಟ ದರ್ಶನದ ಕವಿಗಳು, ಒಂದು ದೃಷ್ಟಿಯಿಂದ ಇರಬಹುದು ಎಂಬ ಆ ಸೌಜನ್ಯವನ್ನು ಪರರ ಕಥೆಗಳಿಗೆ ತೋರಲೂ ಇಲ್ಲ. ಈ ಆಕ್ಷೇಪವು ಜೈನರಿಗೆ ಮಾತ್ರ ಮೀಸಲಲ್ಲ. ಕಲ್ಲುನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲೆನ್ನುವವರನ್ನು ಬಸವಣ್ಣನವರು ತೋರಿಸಿದ ಬಗೆ ಇದಕ್ಕೆ ಹೋಲಿಸತಕ್ಕದು. ಅಲ್ಲಿ ಕೇಳುವವನ ನಂಬಿಕೆಯನ್ನು ಮತ್ತೊಬ್ಬರ ಗ್ರಂಥದೊಡನೆ ತೂಗಿಲ್ಲ. ಅವನ ಒಂದು ಕೈಯ ಕೆಲಸವನ್ನು ಅವನದೇ ಇನ್ನೊಂದು ಕೈಯ ಕೆಲಸದೊಡನೆ ತೂಗಿದೆ. ಪರೀಕ್ಷೆಯು ಗ್ರಂಥದಿಂದ ಆಚಾರಕ್ಕೆ ಇಳಿದುದು ಅಲ್ಲಿ.

ಈಚಿನ ಕಾಲದ ಒಂದು ಪರೀಕ್ಷೆಯನ್ನೂ ಇಲ್ಲಿ ನೆನೆಯಬಹುದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಸಮಿತಿಯನ್ನು ನೇಮಿಸಿದರು. ಅದರ ಪರವಿರೋಧಗಳ ಗದ್ದಲದಲ್ಲಿ ‘ಪರೀಕ್ಷಿಸಬಹುದಾದ’ ಎಂಬ ವಿಶೇಷಣವನ್ನು ಬಹಳ ಜನರು ಮರೆತರು. ವಿಶೇಷದರ್ಶನದಿಂದ ಸಂಶಯವು ನಿವೃತ್ತವಾಗುವುದೆಂದು ನೈಯಾಯಿಕರು ಹೇಳುವರಲ್ಲವೆ? ಯಾವ ವಿಶೇಷವೂ ಎಂದಿಗೂ ಕಾಣದ ಕಡೆ ಸಮಿತಿಗೂ ಕೆಲಸವಿಲ್ಲ, ತಾರ್ಕಿಕನಿಗೂ ಕೆಲಸವಿಲ್ಲ. ಇನ್ನೊಂದು ಕೊನೆಯನ್ನು ಉದಯನನು ಕುಸುಮಾಂಜಲಿಯಲ್ಲಿ ಗುರುತಿಸಿದನು: ಶಂಕಿಸುವವನ ಸ್ವಂತ ನಡೆಯೊಡನೆಯೇ ವಿರೋಧ ಬಂದಲ್ಲಿ ಶಂಕೆಗೆ ಅವಧಿ. ಬೆಂಕಿಯಿಂದ ಹೊಗೆ ಬರುವುದೋ ಇಲ್ಲವೋ ಎಂದು ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುವನು. ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ಇದೇ ಮಾತನ್ನು ತಿರುಗಿಸಿ, ವಿರೋಧವಿದ್ದರೆ ಶಂಕೆಯೂ ಇರಲೇಬೇಕಲ್ಲವೆ ಎಂದು ಕೇಳಿದನು. ತರ್ಕದಲ್ಲಿ ಶ್ರೀಹರ್ಷನ ಕೈ ಮೇಲೆಂದು ತೋರುವುದು. ಆದರೆ ಅಡಿಗೆಮನೆಯಲ್ಲಿ ಉದಯನನೇ ಗೆಲ್ಲುವನು.

ಸಂಶಯವು ನಿತ್ಯಜೀವನದಲ್ಲಿ ಅಡಗಿಕೊಂಡಿರುವುದೇಕೆಂಬುದಕ್ಕೆ ಎಂಟನೆಯ ಶತಮಾನದ ಹರಿಭದ್ರನ ಪ್ರಾಕೃತ ಧೂರ್ತಾಖ್ಯಾನವು ಬೆಳಕು ಕೊಡುವುದು. ಇದನ್ನು 1944ರಲ್ಲಿ ಪ್ರಕಟವಾದ ಆವೃತ್ತಿಯೊಂದರಲ್ಲಿ ಉಪಾಧ್ಯೆಯವರು ವಿಸ್ತಾರವಾಗಿ ವಿಮರ್ಶಿಸಿರುವರು. ಕಮಂಡಲುವಿನ ಆನೆ ಅಲ್ಲಿಯೂ ಉಂಟು. ಮಳೆ ಹಿಡಿದ ದಿನ ಉಜ್ಜಯಿನಿಯ ಉದ್ಯಾನದಲ್ಲಿ ಹಸಿದು ಕುಳಿತ ಐವರು ಧೂರ್ತರು ಒಂದು ಒಪ್ಪಂದ ಮಾಡಿಕೊಳ್ಳುವರು. ಒಬ್ಬೊಬ್ಬರೂ ತಮ್ಮ ಅನುಭವವನ್ನು ಹೇಳಬೇಕು. ಅದನ್ನು ನಂಬುವುದಿಲ್ಲವೆಂದವನು ಎಲ್ಲರಿಗೂ ಊಟ ಹಾಕಬೇಕು. ಸಂಶಯಕ್ಕೆ ಹಾಕಿದ ದಂಡವಿದು. ಹಳ್ಳಿಯಲ್ಲಿಯೂ ಇದೇ ಒಪ್ಪಂದ ಬರೆಯದೆ ಜಾರಿಯಲ್ಲಿದೆ. ಜಾತ್ರೆಯ ಪಟ್ಟಿ ಎತ್ತುವಾಗ ನಂಬಿಕೆಯಿಲ್ಲವೆಂದವನು ಪಟ್ಟಿಗಿಂತ ಹೆಚ್ಚು ತೆರಬೇಕಾಗುವುದು. ಆದುದರಿಂದ ನಂಬದವನೂ ಕೊಟ್ಟು ಸುಮ್ಮನಾಗುವನು. ಹೊರಗಿನಿಂದ ನೋಡಿದವರು ಊರೆಲ್ಲ ನಂಬಿದೆಯೆಂದು ಬರೆದುಕೊಳ್ಳುವರು.

ಧೂರ್ತರಲ್ಲಿ ನಾಲ್ವರು ಗಂಡಸರು ಎಂಥೆಂಥ ಕಥೆಗಳನ್ನು ಹೇಳಿದರೂ ಯಾರೂ ಇಲ್ಲವೆನ್ನಲಿಲ್ಲ; ಪ್ರತಿಯೊಂದಕ್ಕೂ ಪುರಾಣದ ಆಧಾರ ಕೊಟ್ಟು ಒಪ್ಪಿದರು. ಕೊನೆಗೆ ಖಂಡಪಾನೆಯೆಂಬ ಹೆಂಗಸಿನ ಸರದಿ ಬಂದಿತು. ತನ್ನ ಬಟ್ಟೆಗಳು ಕಳೆದುಹೋದುವು, ತನ್ನ ದಾಸರು ಓಡಿಹೋದರು, ಅರಸುತ್ತ ಬಂದೆನು ಎಂದು ಅವಳು ಹೇಳಿ, ಆ ದಾಸರು ನೀವೇ, ನೀವು ಉಟ್ಟಿರುವುದೇ ಆ ಬಟ್ಟೆ ಎಂದು ಮುಗಿಸಿದಳು. ನಂಬಿದರೆ ಅವಳ ದಾಸರಾಗಬೇಕು, ನಂಬದಿದ್ದರೆ ಊಟ ಹಾಕಬೇಕು. ಕಮಂಡಲುವಿನ ಆನೆಯನ್ನು ಹೌದೆಂದು ನುಂಗಿದ್ದ ನಾಲ್ವರೂ ಮೈಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿಕೊಂಡು ಸೋಲೊಪ್ಪಿದರು, ಅನ್ನವನ್ನು ಅವಳನ್ನೇ ಬೇಡಿದರು.